ಒಂದಿಷ್ಟು ಬೈಲು

ಪೊಟ್ಟಣ ಬಿಚ್ಚಿದ ಕೂಡಲೇ ಮಗ ಕೇಳಿದ: ‘ಅವ್ವಾ, ಇದರಾಗ ಎಷ್ಟ್ ಆಟ ಅದಾವ?’

‘ಒಂದೂ ಇಲ್ಲಪಾ. ಖಾಲಿ ಐತಿ.’

ಒಂಬತ್ತು ವರ್ಷದ ಹುಡುಗನಿಗೆ ಈ ಮಾತು ಗಂಟಲಲ್ಲಿ ಇಳಿಯಲಿಲ್ಲ. ಆಟದ ಕ್ಯಾಸೆಟ್ಟು ಅಂದಮೇಲೆ ಒಳಗೆ ಆಟ ಇರಬೇಕು. ಖಾಲಿ ಕ್ಯಾಸೆಟ್ಟಿಗೆ ಯಾರಾದರೂ ರೊಕ್ಕ ಕೊಡುತ್ತಾರೆಯೇ? ಅದನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದ, ತಿರುವಿ ಹಾಕಿ ನೋಡಿದ. ಅಂಗೈಯಲ್ಲಿ ಅಡಗುವ ಬೂದು ಪ್ಲಾಸ್ಟಿಕ್ ಬಿಲ್ಲೆ. ಕೆಳಗಿನ ಅಂಚಿನಲ್ಲಿ 32 ಹೊಂಬಣ್ಣದ ಪಟ್ಟಿಗಳು, ಮೇಲಂಚಿನಲ್ಲಿ ಒಂದು ಸಣ್ಣ ಸೀಳು. ಆ ಸೀಳಿನಲ್ಲಿ ಮೈಕ್ರೋ ಎಸ್‌ಡಿ ಕಾರ್ಡ್ ಕೂಡಬೇಕು, ಕಾರ್ಡಿನಲ್ಲಿ ಏನಿರಬೇಕೆಂದು ನಾವು ನಿಶ್ಚಯಿಸಬೇಕು. ಇದಕ್ಕೆ ಫ್ಲ್ಯಾಶ್ ಕಾರ್ಟ್ರಿಡ್ಜ್ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ಮೊದಲ ದಿನದಿಂದಲೂ ‘ಖಾಲಿ ಕ್ಯಾಸೆಟ್ಟು’.

ಆಟದ ಯಂತ್ರ ನನ್ನ ತಮ್ಮನದು. ಸಿಂಗಾಪುರದಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೊಂಡಿದ್ದ ನಿಂಟೆಂಡೊ ಗೇಮ್‌ಬಾಯ್ ಕಲರ್ ಅದು. ಹೋದ ದೀಪಾವಳಿಗೆ ಊರಿಗೆ ಬಂದಾಗ ಸೋದರಳಿಯನ ಕೈಗಿಟ್ಟ. 1998ರ ಕೊನೆಗೆ ಬಂದ ಮಾದರಿ. ಎರಡು ಪೆನ್ಸಿಲ್ ಸೆಲ್ ಹಾಕಿದರೆ ಹತ್ತು ತಾಸಿನಷ್ಟು ನಡೆಯುತ್ತದೆ. ಪರದೆಯಲ್ಲಿ ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕಿ, ಅಷ್ಟೇ. ಇದರ ಅಣ್ಣನಾದ ಮೊದಲ ಗೇಮ್‌ಬಾಯ್ 1989ರಲ್ಲಿ ಜಪಾನಿನಲ್ಲಿ ಬಂದಿತು. ಅದರ ಹಿಂದಿದ್ದ ಗುನ್‌ಪೆಯ್ ಯೊಕೊಯ್ ಎಂಬವರಿಗೆ ಹೊಚ್ಚ ಹೊಸ ತಂತ್ರಕ್ಕಿಂತ ಬಳಸಿ ಹಳತಾದ, ಅಗ್ಗವಾದ ತಂತ್ರದ ಮೇಲೆ ಹೆಚ್ಚು ನಂಬಿಕೆ. ಹಳೆಯ ಸಾಮಾನಿನಿಂದಲೇ ಹೊಸ ಆಟ ಹುಟ್ಟಿಸಬಹುದು ಎನ್ನುತ್ತಿದ್ದರು. ಮನೆಯಲ್ಲಿರುವ ಕಾಳುಕಡಿಯಲ್ಲೇ ಹಬ್ಬದೂಟ ಎಬ್ಬಿಸುವ ನಮ್ಮ ಹೆಣ್ಣುಮಕ್ಕಳಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಈ ಯಂತ್ರದಲ್ಲಿ ನನಗೆ ಬಹಳ ಹಿಡಿಸಿದ ಗುಣ ಒಂದಿದೆ. ಇದರ ಪರದೆಗೆ ಸ್ವಂತ ಬೆಳಕಿಲ್ಲ. ಪುಸ್ತಕದ ಹಾಗೆ, ಬೆಳಕು ಹೊರಗಿನಿಂದ ಬೀಳಬೇಕು. ಮೊಬೈಲನ್ನು ಹೊದಿಕೆಯೊಳಗೆ ಎಳೆದುಕೊಂಡು ಕತ್ತಲೆಯಲ್ಲಿ ನೋಡಬಹುದು, ಇದು ಅದಕ್ಕೆ ಒಪ್ಪುವುದಿಲ್ಲ. ಆಡಬೇಕಾದರೆ ಮಗ ಕಿಟಕಿಗೆ ಬರಬೇಕು, ಗ್ಯಾಲರಿಗೆ ಬರಬೇಕು, ನಮ್ಮ ನಡುವೆ ಬಂದು ಕೂಡಬೇಕು.

ನಮ್ಮ ಮನೆ ಹುಬ್ಬಳ್ಳಿಯ ದುರ್ಗದಬೈಲಿನ ಬೆನ್ನಿಗಿರುವ ಓಣಿಯಲ್ಲಿದೆ. ಹೆಸರಿನಲ್ಲಿ ಬೈಲು ಉಂಟು, ನೆಲದ ಮೇಲೆ ಈಗ ಬೈಲು ಇಲ್ಲ. ಬಳೆ, ಬಟ್ಟೆ, ಪಾತ್ರೆ, ಹೂವು, ಚಪ್ಪಲಿ, ಮೊಬೈಲ್ ಕವರು. ಬ್ರಾಡ್‌ವೇ ಕಡೆಯಿಂದ ಬರುವವರು, ಮರಾಠಾ ಗಲ್ಲಿಯಿಂದ ಹೊರಬೀಳುವವರು. ಸಂಜೆಯಾದರೆ ತಿನಿಸಿನ ಬಂಡಿಗಳ ಸಾಲು, ಎಣ್ಣೆಯಲ್ಲಿ ಸುಂಯ್ ಎನ್ನುವ ಮಿರ್ಚಿ, ಚುರುಮುರಿಗೆ ಉಳ್ಳಾಗಡ್ಡಿ ಕಲಸಿ ಗಿರ್ಮಿಟ್ ಮಾಡುವ ಕೈಗಳು. ಕಾಲಿಡಲು ಜಾಗವಿರುವುದಿಲ್ಲ. ನಾನು ಈ ಗದ್ದಲವನ್ನು ಪ್ರೀತಿಸುತ್ತೇನೆ, ಇದರಲ್ಲೇ ಬೆಳೆದವಳು. ಆದರೂ ಒಮ್ಮೊಮ್ಮೆ ಆ ಹೆಸರನ್ನು ಬಾಯಲ್ಲಿ ಬಿಡಿಸಿ ಹೇಳಿಕೊಂಡಾಗ, ಇಲ್ಲಿ ಮಕ್ಕಳು ಓಡಾಡುವಷ್ಟು ಬರಿ ನೆಲ ಇದ್ದಿರಬೇಕಲ್ಲ ಅನ್ನಿಸುತ್ತದೆ.

ಕಾರ್ಡನ್ನೂ ಇಲ್ಲಿಯೇ ಕೊಂಡೆ. ‘ಅಕ್ಕಾರ, 64 ಜಿಬಿದು ಒಯ್ರಿ, ಸಣ್ಣದು ತಗೊಂಡ ಏನ್ ಮಾಡ್ತೀರಿ?’ ಎಂದ ಅಂಗಡಿಯವ. ಬೆಲೆಯೂ ಕಡಿಮೆ ಹೇಳಿದ. ಮನೆಗೆ ತಂದು ಲ್ಯಾಪ್‌ಟಾಪಿಗೆ ಹಾಕಿದೆ, 64 ಜಿಬಿ ಎಂದೇ ತೋರಿಸಿತು. ಆದರೆ ಕಾರ್ಡನ್ನು ಪೂರ್ತಿ ತುಂಬಿಸಿ, ತುಂಬಿದ್ದನ್ನು ಮರಳಿ ಓದಿ ತಾಳೆ ನೋಡುವ ಪುಟ್ಟ ತಂತ್ರಾಂಶ ಒಂದಿದೆ. ಅದನ್ನು ರಾತ್ರಿಯಿಡೀ ಓಡಲು ಬಿಟ್ಟೆ. ಬೆಳಗ್ಗೆ ಎದ್ದು ನೋಡಿದರೆ 8 ಜಿಬಿ ದಾಟಿದ ಮೇಲೆ ಬರೆದದ್ದೆಲ್ಲ ಹಾಳು. ಇಂಥ ಕಾರ್ಡುಗಳ ಒಳಗಿರುವ ನಿಯಂತ್ರಕ ಚಿಪ್ಪಿಗೇ ಸುಳ್ಳು ಹೇಳಲು ಕಲಿಸಿರುತ್ತಾರೆ. ಜಾಗವಿರುವುದು 8, ಹೇಳುವುದು 64. ಅಷ್ಟು ತುಂಬಿದ ಮೇಲೆ ಹೊಸದನ್ನು ಹಳೆಯದರ ಮೇಲೆಯೇ ಬರೆಯುತ್ತ ಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಮಗನನ್ನು ಕರೆದು ತೋರಿಸಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, ‘ಹಂಗಾರ ಮೊದಲ ಬರದದ್ದು ಎಲ್ಲಿ ಹೋತು?’ ಎಂದ. ಹೋಯಿತು, ಅಳಿಸಿಹೋಯಿತು ಎಂದೆ. ಜಾಗವಿಲ್ಲದಿದ್ದರೂ ತುಂಬುತ್ತ ಹೋದರೆ ಮೊದಲಿದ್ದದ್ದು ಅಳಿಯುತ್ತದೆ. ಇದನ್ನು ನಾನು ಪಾಠವೆಂದು ಹೇಳಲಿಲ್ಲ. ಆದರೆ ಹೇಳುತ್ತಿದ್ದ ಹಾಗೆ ನನಗೇ ನಾಟಿತು.

ಬೇರೆ ಕಡೆ ಹೋಗಿ 16 ಜಿಬಿ ಕಾರ್ಡು ತಂದೆ. ಈ ಕ್ಯಾಸೆಟ್ಟಿಗೆ ಅರ್ಥವಾಗುವುದು ಫ್ಯಾಟ್ 32 ಎಂಬ ಹಳೆಯ ಕಟ್ಟು. ದೊಡ್ಡ ಕಾರ್ಡುಗಳು ಎಕ್ಸ್‌ಫ್ಯಾಟ್ ಎಂಬ ಬೇರೆ ಕಟ್ಟಿನಲ್ಲಿ ಬರುತ್ತವೆ, ಸಣ್ಣ ಕಾರ್ಡಿಗೆ ಆ ತಕರಾರಿಲ್ಲ. ಫಾರ್ಮ್ಯಾಟ್ ಮಾಡಿ, ಕ್ಯಾಸೆಟ್ಟಿನ ಜೊತೆ ಬರುವ ಸಿಸ್ಟಮ್ ಫೋಲ್ಡರನ್ನು ಕಾರ್ಡಿನ ಬುಡದಲ್ಲೇ ಇಳಿಸಿದೆ. ಇನ್ನೊಂದು ಫೋಲ್ಡರಿನ ಒಳಗೆ ಇಟ್ಟರೆ ಅದಕ್ಕೆ ಸಿಗುವುದಿಲ್ಲ, ದೇವರ ಮನೆಯ ದೀಪ ಅಡಿಗೆಮನೆಯಲ್ಲಿ ಹಚ್ಚಿಟ್ಟ ಹಾಗೆ. ಕಾರ್ಡು ಸೇರಿಸಿ ಕ್ಯಾಸೆಟ್ಟನ್ನು ಯಂತ್ರದ ಬೆನ್ನಿಗೆ ತುರುಕಿ ಸ್ವಿಚ್ ಸರಿಸಿದರೆ, ಕಂಪನಿಯ ಹೆಸರು ಬರಬೇಕಾದ ಕಡೆ ಕರಿ ಪಟ್ಟಿ ಬಂದು ನಿಂತಿತು.

ಇದಕ್ಕೊಂದು ಕಾರಣವಿದೆ. ಯಂತ್ರ ಪ್ರತಿ ಸಲ ಚಾಲೂ ಆದಾಗ ಕ್ಯಾಸೆಟ್ಟಿನಲ್ಲಿರುವ 48 ಬೈಟಿನ ಹೆಸರಿನ ಗುರುತನ್ನು ಓದಿ, ತನ್ನೊಳಗಿರುವ ಗುರುತಿನ ಜೊತೆ ತಾಳೆ ಹಾಕುತ್ತದೆ. ಹೊಂದಿದರೆ ಒಳಗೆ ಬಿಡುತ್ತದೆ, ಹೊಂದದಿದ್ದರೆ ಅಲ್ಲಿಗೇ ನಿಲ್ಲುತ್ತದೆ. ಓದುವ ಪಟ್ಟಿಗಳ ಮೇಲೆ ಕಿಲುಬು ಕೂತಿದ್ದರೆ ಹೆಸರಿನ ಬದಲು ಕರಿ ಪಟ್ಟಿ ಕಾಣುತ್ತದೆ. ನಾವು ಸಣ್ಣವರಿದ್ದಾಗ ಟಿವಿ ಗೇಮಿನ ಕ್ಯಾಸೆಟ್ಟಿಗೆ ಬಾಯಿಂದ ಉಫ್ ಎಂದು ಊದುತ್ತಿದ್ದೆವು. ಊದಿದರೆ ಉಗುಳಿನ ಪಸೆ ಕೂತು ಕಿಲುಬು ಹೆಚ್ಚುತ್ತದೆ ಎಂದು ಈಗ ಗೊತ್ತು. ಔಷಧದಂಗಡಿಯಲ್ಲಿ ಸಿಗುವ ಐಸೋಪ್ರೊಪೈಲ್ ಆಲ್ಕೋಹಾಲನ್ನು ಹತ್ತಿಯ ಕಡ್ಡಿಗೆ ಅದ್ದಿ, ಯಂತ್ರದ ಹಲ್ಲುಗಳ ಮೇಲೆ ಮೆಲ್ಲಗೆ ಆಡಿಸಿದೆ. ಹತ್ತಿ ಕರ್ರಗಾಯಿತು. ಇಪ್ಪತ್ತು ವರ್ಷಗಳ ಕೊಳೆ. ಆರಿದ ಮೇಲೆ ಮತ್ತೆ ಸ್ವಿಚ್ ಸರಿಸಿದೆ. ಹೆಸರು ನೆಟ್ಟಗೆ ಬಂತು, ‘ಟಿಣ್’ ಎಂಬ ಆ ಸಣ್ಣ ಗಂಟೆಯೂ ಬಾರಿಸಿತು. ನಂತರ ಮೆನು ತೆರೆಯಿತು. ಅದರಲ್ಲಿ ಏನೂ ಇಲ್ಲ.

ಈಗ ಮುಖ್ಯ ಪ್ರಶ್ನೆ: ಏನು ತುಂಬುವುದು?

ಓಣಿಯಲ್ಲಿ ಮೊಬೈಲ್ ರಿಪೇರಿ ಮಾಡುವ ಹುಡುಗನೊಬ್ಬ ಸುದ್ದಿ ತಿಳಿದು ಬಂದ. ಒಳ್ಳೆಯ ಮನಸ್ಸಿನವ. ‘ಅಕ್ಕಾರ, ನನ್ನ ಪೆನ್‌ಡ್ರೈವಿನ್ಯಾಗ ಎಲ್ಲಾ ಆಟ ಅದಾವ್ರಿ. ಸಾವಿರದ ಮ್ಯಾಲ. ಒಂದ ಸಲ ಕಾಪಿ ಹೊಡದ್ರ ಮುಗೀತು.’ ಅವನು ಹೇಳಿದ್ದು ಲೆಕ್ಕಕ್ಕೆ ಸರಿ. ಈ ಯಂತ್ರದ ದೊಡ್ಡದರಲ್ಲಿ ದೊಡ್ಡ ಆಟ 8 ಎಂಬಿ ಮೀರುವುದಿಲ್ಲ. ಲೋಕಕ್ಕೆಲ್ಲ ಹುಚ್ಚು ಹಿಡಿಸಿದ ಟೆಟ್ರಿಸ್ ಇರುವುದು ಬರೀ 32 ಕೆಬಿ. ನಮ್ಮ ಮೊಬೈಲಿನ ಒಂದು ಫೋಟೋದ ಜಾಗದಲ್ಲಿ ನೂರು ಟೆಟ್ರಿಸ್ ಕೂಡುತ್ತವೆ. ಎಲ್ಲ ತುಂಬಿದರೂ ಕಾರ್ಡಿನಲ್ಲಿ ಜಾಗ ಮಿಕ್ಕುತ್ತದೆ. ಮಗನ ಕಣ್ಣು ಅರಳಿತ್ತು. ನಾನು, ‘ಬ್ಯಾಡಪಾ, ಸ್ವಲ್ಪ ವಿಚಾರ ಮಾಡ್ತೀನಿ’ ಎಂದೆ.

ವಿಚಾರ ಮಾಡಲು ಕೂತಾಗ ನೆನಪಿಗೆ ಬಂದದ್ದು ಅಪ್ಪನ ಹಾಡಿನ ಕ್ಯಾಸೆಟ್ಟು.

ಆಗ ದುರ್ಗದಬೈಲಿನ ಸುತ್ತ ಕ್ಯಾಸೆಟ್ ರೆಕಾರ್ಡ್ ಮಾಡಿಕೊಡುವವರಿದ್ದರು. ಖಾಲಿ ಕ್ಯಾಸೆಟ್ಟನ್ನೂ ಹಾಡಿನ ಯಾದಿಯನ್ನೂ ಕೊಟ್ಟುಬರಬೇಕು, ಎರಡು ದಿನ ಬಿಟ್ಟು ಹೋಗಿ ತರಬೇಕು. 60 ಮಿನಿಟಿನ ಕ್ಯಾಸೆಟ್ಟು, ಒಂದು ಬಾಜೂಕ್ಕೆ 30. ಏಳೆಂಟು ಹಾಡು ಹಿಡಿದರೆ ಹೆಚ್ಚು. ಅಪ್ಪ ಆ ಯಾದಿ ಬರೆಯಲು ಒಂದು ವಾರ ತೆಗೆದುಕೊಳ್ಳುತ್ತಿದ್ದ. ಬರೆಯುವುದು, ಹೊಡೆದು ಹಾಕುವುದು, ಮತ್ತೆ ಬರೆಯುವುದು. ರಾಜಕುಮಾರ್ ಹಾಡು ಎಷ್ಟಿರಬೇಕು, ಗಂಗೂಬಾಯಿ ಹಾನಗಲ್ಲರ ಧ್ವನಿಗೆ ಎಷ್ಟು ಮಿನಿಟು ಬಿಡಬೇಕು, ಮಲ್ಲಿಕಾರ್ಜುನ ಮನಸೂರರ ವಚನ ಯಾವ ಬಾಜೂಕ್ಕೆ ಬರಬೇಕು. ಅವ್ವನನ್ನು ಕೇಳುತ್ತಿದ್ದ, ನಮ್ಮನ್ನು ಕೇಳುತ್ತಿದ್ದ. ಯಾದಿ ಮುಗಿದ ಮೇಲೆ ಕೆಳಗೆ ಒಂದು ಸಾಲು ಸೇರಿಸುತ್ತಿದ್ದ, ‘ಬಿ ಬಾಜೂ ಕೊನೀಗೆ ಐದು ಮಿನಿಟು ಖಾಲಿ ಬಿಡಬೇಕು’ ಎಂದು.

ಆ ಐದು ಮಿನಿಟು ನಮಗಾಗಿ. ಮನೆಯ ಟೇಪ್‌ರೆಕಾರ್ಡರಿನ ಎರಡು ಗುಂಡಿ ಒಟ್ಟಿಗೆ ಒತ್ತಿ, ನನ್ನನ್ನೂ ತಮ್ಮನನ್ನೂ ಮುಂದೆ ಕೂಡ್ರಿಸಿ ಮಾತಾಡಿಸುತ್ತಿದ್ದ. ನಾನು ಮಗ್ಗಿ ಹೇಳಿದ್ದು, ತಮ್ಮ ನಡುವೆ ಬಾಯಿ ಹಾಕಿ ಕಿಲಕಿಲ ನಕ್ಕದ್ದು, ಅವ್ವ ಒಳಗಿನಿಂದ ‘ಹಾಲು ಉಕ್ಕತೈತಿ, ಯಾರರೆ ನೋಡ್ರೇ’ ಎಂದು ಕೂಗಿದ್ದು, ಎಲ್ಲ ಅದರಲ್ಲಿವೆ. ಮುಗಿದ ಮೇಲೆ ಅಪ್ಪ ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಪ್ಲಾಸ್ಟಿಕ್ ತುಂಡನ್ನು ಸ್ಕ್ರೂಡ್ರೈವರಿನಿಂದ ಮುರಿದುಬಿಡುತ್ತಿದ್ದ. ಅದು ಮುರಿದರೆ ಅದರ ಮೇಲೆ ಬೇರೆ ರೆಕಾರ್ಡ್ ಆಗುವುದಿಲ್ಲ.

ಅಪ್ಪ ಹೋಗಿ ಆರು ವರ್ಷವಾಯಿತು. ಆ ಹಾಡುಗಳು ಇಂದು ಎಲ್ಲಿ ಬೇಕಾದರೂ ಸಿಗುತ್ತವೆ, ಇನ್ನೂ ಚಂದಾಗಿ ಕೇಳುತ್ತವೆ. ಆದರೆ ಖಾಲಿ ಬಿಟ್ಟ ಐದು ಮಿನಿಟಿನಲ್ಲಿ ತುಂಬಿದ್ದು ಜಗತ್ತಿನಲ್ಲಿ ಬೇರೆ ಎಲ್ಲಿಯೂ ಇಲ್ಲ.

ಮಗನಿಗೂ ಹೀಗೇ ಮಾಡಬೇಕೆಂದು ಆಗಲೇ ನಿಶ್ಚಯಿಸಿದೆ. ಸಾವಿರ ಆಟ ಬೇಡ, ಕೆಲವೇ ಸಾಕು, ಅದೂ ಕೈಯಾರೆ ಆರಿಸಿದ್ದು. ಜೊತೆಗೆ ಕೊನೆಗೆ ಒಂದಿಷ್ಟು ಬೈಲು ಬಿಡಬೇಕು.

ಆರಿಸುವಾಗ ಇನ್ನೊಂದು ಮಾತೂ ಎದುರಾಯಿತು. ಅಪ್ಪನ ಕಾಲದಲ್ಲಿ ಹಾಡು ಕಾಪಿ ಮಾಡಿಸುವುದು ತಪ್ಪೆಂದು ಯಾರಿಗೂ ಅನ್ನಿಸಿರಲಿಲ್ಲ. ಇಂದು ಮಗ ನನ್ನ ಪಕ್ಕದಲ್ಲಿ ಕೂತು ನೋಡುತ್ತಿದ್ದಾನೆ. ಒಂದು ಆಟದ ಹಿಂದೆ ಎಷ್ಟೋ ಜನರ ವರ್ಷಗಟ್ಟಲೆ ದುಡಿಮೆ ಇರುತ್ತದೆ. ಕಾನೂನು ಪ್ರಕಾರ ತಮ್ಮ ಬಳಿ ಇರುವ ಪ್ರೋಗ್ರಾಮು ಹಾಳಾದರೆ ಬೇಕಾದೀತೆಂದು ಒಂದು ಪ್ರತಿ ಮಾಡಿಟ್ಟುಕೊಳ್ಳಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಅವಕಾಶ ಕೊಡುತ್ತದೆ. ಮಂದಿಯ ಪೆನ್‌ಡ್ರೈವಿನಿಂದ ಸಾವಿರ ಆಟ ಸುರಿದುಕೊಳ್ಳಲು ಕೊಡುವುದಿಲ್ಲ. ಇದನ್ನು ಮಗನಿಗೆ ಹೇಳಿದಾಗ, ‘ಹಂಗಾರ ಪುಕ್ಕಟೆ ಆಟ ಇರೂದ ಇಲ್ಲೇನು?’ ಎಂದ. ಇವೆ. ಈ ಹಳೆಯ ಯಂತ್ರದ ಮೇಲಿನ ಪ್ರೀತಿಗೆ ಇವತ್ತಿಗೂ ಹೊಸ ಆಟ ಕಟ್ಟಿ, ಎಲ್ಲರೂ ಆಡಲೆಂದು ತೆರೆದಿಟ್ಟವರಿದ್ದಾರೆ. ಅವುಗಳಲ್ಲಿ ಎರಡನ್ನು ತೆಗೆದುಕೊಂಡೆವು. ಒಂದು ‘ಟೋಬು ಟೋಬು ಗರ್ಲ್’, ಆಕಾಶಕ್ಕೆ ಹಾರಿಹೋದ ತನ್ನ ಬೆಕ್ಕಿಗಾಗಿ ಮೇಲೆ ಮೇಲೆ ಜಿಗಿಯುತ್ತ ಹೋಗುವ ಹುಡುಗಿಯ ಆಟ. ಇನ್ನೊಂದು ‘ಮ್ಯೂಸಿಟಿ’, ಬರಿ ನೆಲದ ಮೇಲೆ ರಸ್ತೆ ಹಾಕಿ, ಕರೆಂಟು ಕೊಟ್ಟು, ಮನೆ ಅಂಗಡಿ ಎಬ್ಬಿಸಿ ಊರು ಕಟ್ಟುವ ಆಟ. ಎರಡೂ 2017ರ ಹೊತ್ತಿನವು. ಯಂತ್ರ ಹುಟ್ಟಿ ಸುಮಾರು ಇಪ್ಪತ್ತು ವರ್ಷದ ಮೇಲೆ ಹುಟ್ಟಿದ ಆಟಗಳು.

ನನ್ನ ತಮ್ಮ ಯಂತ್ರದ ಜೊತೆ ತನ್ನದೊಂದು ಅಸಲಿ ಕಾರ್ ಓಟದ ಕ್ಯಾಸೆಟ್ಟನ್ನೂ ಕೊಟ್ಟಿದ್ದ. ಅದರಲ್ಲಿ ಅವನ ಹೆಸರೂ ಅವನು ಮಾಡಿದ ದಾಖಲೆಗಳೂ ಇರಬೇಕಿತ್ತು, ಇರಲಿಲ್ಲ. ಹಳೆಯ ಕ್ಯಾಸೆಟ್ಟುಗಳಲ್ಲಿ ಆಟದ ನೆನಪನ್ನು ಹಿಡಿದಿಡುವುದು ಒಳಗಿರುವ ಗುಂಡಿಯಂಥ ಸೆಲ್ಲು. ಸೆಲ್ಲು ತೀರಿದ ದಿನ ನೆನಪೂ ತೀರುತ್ತದೆ. ನಮ್ಮ ಖಾಲಿ ಕ್ಯಾಸೆಟ್ಟು ಆ ನೆನಪನ್ನು ಕಾರ್ಡಿಗೆ ಇಳಿಸಿಡುತ್ತದೆ. ಆದರೆ ಆಡಿ ಮುಗಿಸಿ ಮೆನುವಿಗೆ ಮರಳಿ, ಅದು ಬರೆದುಕೊಳ್ಳುವ ತನಕ ಒಂದೆರಡು ಕ್ಷಣ ಕಾಯಬೇಕು. ಗಡಬಡಿಸಿ ಸ್ವಿಚ್ ಆರಿಸಿದರೆ ಹೋಯಿತು. ಮಗ ಒಂದು ಸಲ ಆಟದಲ್ಲಿ ಕಟ್ಟಿದ ಊರು ಕಳೆದುಕೊಂಡು ಅತ್ತ. ಈಗ ಕಾಯುತ್ತಾನೆ.

ಉಳಿದದ್ದು ಬೈಲು. ಅದರಲ್ಲಿ ನಾವೇ ಒಂದು ಆಟ ಕಟ್ಟುವುದೆಂದು ಮಾತಾಯಿತು. ಅದಕ್ಕೆ ‘ಜಿಬಿ ಸ್ಟುಡಿಯೊ’ ಎಂಬ ಉಚಿತ ತಂತ್ರಾಂಶವಿದೆ, 2019ರಲ್ಲಿ ಬಂದದ್ದು. ಪ್ರೋಗ್ರಾಮಿಂಗ್ ಬಾರದವರೂ ಚಿತ್ರ ಬಿಡಿಸಿ, ಬೊಂಬೆ ನಿಲ್ಲಿಸಿ, ಯಾವುದನ್ನು ಮುಟ್ಟಿದರೆ ಏನಾಗಬೇಕೆಂದು ಹೇಳಿಕೊಡುತ್ತ ಆಟ ಜೋಡಿಸಬಹುದು. ಮಗ ಕೂಡಲೇ ಹೇಳಿದ: ‘ತೇರಿನ ಆಟ.’ ಶಿವರಾತ್ರಿ ಜಾತ್ರೆಯಲ್ಲಿ ಸಿದ್ಧಾರೂಢ ಮಠದ ತೇರು ನೋಡಿ ಬಂದಾಗಿನಿಂದ ಅವನ ತಲೆಯಲ್ಲಿ ಅದೇ ಓಡುತ್ತಿತ್ತು. ತೇರಿಗೆ ಎಸೆದ ಉತ್ತತ್ತಿ ನೆಲದ ಮೇಲೆ ಬಿದ್ದಿರುತ್ತವೆ, ಏಳು ಉತ್ತತ್ತಿ ಆರಿಸಿದರೆ ತೇರು ಸರಿಯುತ್ತದೆ. ಆಟ ಅಷ್ಟೇ.

ಆದರೆ ತೇರು ಬಿಡಿಸುವುದು ಹೇಗೆ? ಈ ಯಂತ್ರ ಎಲ್ಲವನ್ನೂ 8 ಚುಕ್ಕಿ ಅಗಲ, 8 ಚುಕ್ಕಿ ಎತ್ತರದ ಚೌಕಗಳಲ್ಲಿ ನೋಡುತ್ತದೆ. ಪರದೆಯೆಂದರೆ ಅಡ್ಡಕ್ಕೆ 20, ಉದ್ದಕ್ಕೆ 18 ಚೌಕ. ಒಂದು ಚೌಕದಲ್ಲಿ ನಾಲ್ಕಕ್ಕಿಂತ ಹೆಚ್ಚು ಬಣ್ಣ ಸೇರುವುದಿಲ್ಲ. ನಾನೂ ಮಗನೂ ಗಣಿತದ ಚೌಕಳಿ ಹಾಳೆಯ ಮೇಲೆ ಮೂರು ಸಂಜೆ ಹೆಣಗಿದೆವು. ಬಿಡಿಸಿದ ತೇರು ಒಮ್ಮೆ ಬಂಡಿಯಾಯಿತು, ಒಮ್ಮೆ ಗುಡಿಸಲಾಯಿತು.

ನಾಲ್ಕನೆಯ ಸಂಜೆ ನನ್ನ ಅವ್ವ, ಅಂದರೆ ಮಗನ ಆಯಿ, ಚಾಳೀಸು ಏರಿಸಿಕೊಂಡು ಬಂದು ಹಾಳೆ ಎಳೆದುಕೊಂಡಳು. ‘ಇದು ಕಸೂತಿ ಅಲ್ಲೇನ?’ ಎಂದಳು.

ಹೌದು, ಕಸೂತಿಯೇ. ನನಗೆ ಹೊಳೆದಿರಲಿಲ್ಲ. ನಮ್ಮ ಧಾರವಾಡ ಸೀಮೆಯ ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಎಳೆ ಎಣಿಸಿ ಸೂಜಿ ಹಾಕಬೇಕು. ಗವಂತಿಯಲ್ಲಿ ಸೂಜಿ ಹೋದ ದಾರಿಯಲ್ಲೇ ತಿರುಗಿ ಬರುತ್ತದೆ, ಬಟ್ಟೆಯ ಎರಡು ಮೈಯಲ್ಲೂ ಒಂದೇ ಚಿತ್ರ ಮೂಡುತ್ತದೆ. ಮುರ್ಗಿ ಮೆಟ್ಟಿಲಿನಂತೆ ಏರಿಳಿಯುತ್ತದೆ, ನೇಗಿ ನೇಯ್ದ ಹಾಗೆ ಕಾಣುತ್ತದೆ, ಮೆಂತೆ ಕಾಳು ಇಟ್ಟಂತೆ ಅಡ್ಡಡ್ಡ ಹೆಣೆಯುತ್ತದೆ. ಗೋಪುರ, ತೇರು, ತೊಟ್ಟಿಲು, ತುಳಸಿಕಟ್ಟೆ, ಆನೆ. ಅವ್ವನ ಮದುವೆಯ ಚಂದ್ರಕಾಳಿ ಸೀರೆಯ ಕಪ್ಪು ಮೈಮೇಲೆ ಇವೆಲ್ಲ ಇವೆ. ಅದನ್ನು ಟ್ರಂಕಿನಿಂದ ತೆಗೆಸಿದಳು, ಸೆರಗಿನ ತೇರನ್ನು ಬೆರಳಿನಿಂದ ಎಣಿಸಿದಳು. ‘ಪೂರಾ ತೇರು ಬರೀಬ್ಯಾಡ್ರಿ. ಅರ್ಧ ಎಣಸ್ರಿ, ಉಳಿದ ಅರ್ಧ ತಾನ ಬರ್ತೈತಿ’ ಎಂದಳು. ಯಂತ್ರಕ್ಕೂ ಅದೇ ವಿದ್ಯೆ ಬರುತ್ತದೆ, ಒಂದು ಚೌಕವನ್ನು ಮಗುಚಿ ತೋರಿಸಬಲ್ಲದು. ಆರು ಚೌಕ ಅಗಲ, ಆರು ಚೌಕ ಎತ್ತರದ ತೇರಿಗೆ ಹದಿನೆಂಟು ಚೌಕ ಬಿಡಿಸಿದರೆ ಸಾಕಾಯಿತು.

ಬಣ್ಣ ನಾಲ್ಕೇ ಎಂದು ಮಗ ಬೇಸರದಿಂದ ಹೇಳಿದ. ಆಯಿ, ‘ಕೆಂಪು, ಹಸರು, ಬಿಳಿ ಅದಾವಲ್ಲ? ನೆಲ ಕರೀದು. ಮತ್ತೇನ ಬೇಕು?’ ಎಂದಳು.

ಅಕ್ಷರ ಇದಕ್ಕಿಂತ ಕಷ್ಟವಾಯಿತು. ಆಟದ ಮೊದಲ ಪರದೆಯಲ್ಲಿ ‘ದುರ್ಗದಬೈಲ್’ ಎಂದು ಕನ್ನಡದಲ್ಲಿ ಬರಬೇಕೆಂದು ಮಗನ ಹಟ. ಇಂಗ್ಲಿಷಿನ ಅಕ್ಷರ ಒಂದು ಚೌಕದಲ್ಲಿ ಕೂಡುತ್ತದೆ. ನಮ್ಮ ಅಕ್ಷರಕ್ಕೆ ತಲೆಕಟ್ಟು ಬೇಕು, ಹೊಟ್ಟೆಯ ಸುರುಳಿ ಬೇಕು, ಕೊಂಬು ಬೇಕು. ಎಂಟು ಚುಕ್ಕಿಯಲ್ಲಿ ‘ದ’ ಹಿಡಿದರೆ ಅದು ‘ಡ’ದ ಹಾಗೆಯೂ ಓದಿಸಿಕೊಳ್ಳುತ್ತದೆ. ಅದಕ್ಕೇ ಅಕ್ಷರಕ್ಕೆ ಎರಡು ಚೌಕ ಅಗಲ, ಎರಡು ಚೌಕ ಎತ್ತರ ಕೊಟ್ಟೆವು. ಕೊಂಬಿನ ‘ದು’, ಅರ್ಕಾವೊತ್ತಿನ ‘ರ್ಗ’ ಇವೆರಡಕ್ಕೆ ಅಗಲ ಮೂರು ಬೇಕಾಯಿತು. ‘ಬೈ’ ಬರೆಯುವಾಗ ಕೆಳಗಿನ ಐತ್ವಕ್ಕೆಂದು ಇನ್ನೊಂದು ಸಾಲು ಬಿಚ್ಚಿದೆವು. ಹನ್ನೆರಡು ಚೌಕ ಅಗಲದಲ್ಲಿ ಬೈಲಿನ ಹೆಸರು ಕೂತಿತು. ಆ ಯಂತ್ರದ ಮೇಲೆ ನಮ್ಮ ಲಿಪಿ ಮೂಡಿದ್ದನ್ನು ನೋಡಿದಾಗ ನನಗೆ ಮಾತು ಹೊರಡಲಿಲ್ಲ.

ಆಟದೊಳಗಿನ ದುರ್ಗದಬೈಲಿನಲ್ಲಿ ತೇರು ನಡುವೆ ನಿಂತಿದೆ. ಸುತ್ತ ಏನೂ ಇಲ್ಲ.

‘ಅಂಗಡಿ ಎಲ್ಲೆ ಅದಾವೋ?’ ಎಂದು ಕೇಳಿದೆ.

‘ಅಂಗಡಿ ಹಾಕಿದ್ರ ಓಡಾಡಾಕ ಜಾಗಾನ ಇರೂದಿಲ್ಲವ್ವಾ’ ಎಂದ.

ಆಟ ಪೂರ್ತಿಯಾದ ದಿನ ಅದನ್ನು ಮೊದಲು ಆಯಿಯ ಕೈಗೆ ಕೊಟ್ಟ. ಕೆಳಗೆ ಬಂಡಿಗಳ ದೀಪ ಹತ್ತುತ್ತಿದ್ದವು. ಅವಳು ಗ್ಯಾಲರಿಗೆ ಬಂದು, ಯಂತ್ರವನ್ನು ಬೆಳಕಿಗೆ ಓರೆ ಹಿಡಿದು, ಗುಂಡಿಗಳನ್ನು ಹೆಬ್ಬೆರಳಿನಿಂದ ಹುಡುಕಿ ಒತ್ತುತ್ತ ಏಳೂ ಉತ್ತತ್ತಿ ಆರಿಸಿದಳು. ತೇರು ಸರಿಯಿತು. ಸೂಜಿಗೆ ದಾರ ಪೋಣಿಸುವಾಗ ಮಾಡುವ ಹಾಗೆ ಕಣ್ಣು ಸಣ್ಣ ಮಾಡಿ ತೇರಿನ ಕಳಸವನ್ನೇ ನೋಡಿದಳು.

‘ಒಂದ ಎಳಿ ತಪ್ಪೈತಿ ನೋಡೋ ತಮ್ಮಾ. ಕಳಸದ ಕೆಳಗ.’

ಮಗ ಇಣುಕಿ ನೋಡಿದ. ಹೌದು, ಒಂದು ಚುಕ್ಕಿ ಬಿಟ್ಟುಹೋಗಿತ್ತು. ಅಪ್ಪನ ಕ್ಯಾಸೆಟ್ಟಿಗಿದ್ದಂತೆ ಇದಕ್ಕೆ ಮುರಿದು ಮುಚ್ಚುವ ತುಂಡಿಲ್ಲ. ಅವನು ಮೆನುವಿಗೆ ಮರಳಿ, ಒಂದೆರಡು ಕ್ಷಣ ಕಾದು, ಸ್ವಿಚ್ ಆರಿಸಿ, ಕಾರ್ಡು ತೆಗೆದುಕೊಂಡು ಒಳಗೆ ಓಡಿದ.